ತಿಜೋರಿಯ ಕೀಲಿ, ಹಳೆಯ ಗಾಡಿ

ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಒಂದು ಮ್ಯಾನೇಜರ ಬಳಿ, ಇನ್ನೊಂದು ಹೆಡ್ ಕ್ಯಾಶಿಯರನ ಬಳಿ. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬರ ಕೀಲಿ ಇನ್ನೊಬ್ಬರ ಕೈಗೆ ಹೋಗುವಂತಿಲ್ಲ, ಮೂರನೆಯವರ ಕೈಗಂತೂ ಇಲ್ಲವೇ ಇಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬೀಳಗಿಯ ಒಂದು ಶಾಖೆಯ ಎರಡನೆಯ ಕೀಲಿ ನನ್ನ ಸೊಂಟದಲ್ಲಿತ್ತು. ನನ್ನ ಮನೆ ಇದ್ದದ್ದು ಜಮಖಂಡಿಯಲ್ಲಿ. ಎರಡರ ನಡುವೆ ತಗ್ಗು ದಿನ್ನೆಯ ರಸ್ತೆ, ಆ ರಸ್ತೆಗೆ ನನ್ನ ಪಾಲಿಗಿದ್ದದ್ದು ಮೂವರ ಕೈ ದಾಟಿ ಬಂದ ಒಂದು ಹಳೆಯ ಮೋಟರ್‌ಸೈಕಲ್.

ಕೀಲಿ ಇಟ್ಟುಕೊಂಡವನು ಶಾಖೆ ಇರುವ ಊರಲ್ಲೇ ಮಲಗಬೇಕು ಎಂಬುದು ನಿಯಮ. ನಾನು ಹಾಗೆ ಇರಲಾಗಲಿಲ್ಲ. ನನ್ನ ಹೆಂಡತಿಗೆ ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೂರನೆಯ ಸಲ, ಬೇಸಗೆಯ ನಡುವೆ, ಜಮಖಂಡಿಯ ಲೇಡಿ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: ಹಾಸಿಗೆ ಬಿಟ್ಟು ಏಳಬಾರದು, ವಾರಕ್ಕೊಂದು ಇಂಜೆಕ್ಷನ್ ತಪ್ಪಬಾರದು, ಬಸ್ಸು ಚಕ್ಕಡಿ ಯಾವುದನ್ನೂ ಹತ್ತಬಾರದು, ಮನಸ್ಸಿಗೆ ಗಾಬರಿಯಾಗುವ ಮಾತು ಕಿವಿಗೆ ಬೀಳಬಾರದು. ಅವಳನ್ನು ಬೀಳಗಿಗೆ ಒಯ್ಯುವ ಮಾತೇ ಇರಲಿಲ್ಲ. ಅವಳನ್ನು ಬಿಟ್ಟು ನಾನು ಅಲ್ಲಿರುವುದೂ ನನ್ನಿಂದಾಗದ ಮಾತಾಗಿತ್ತು.

ಮ್ಯಾನೇಜರು ಮೈಸೂರು ಕಡೆಯವರು. ಮಿತಭಾಷಿ. ನಾನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ಹೆರಿಗೆ ಆಗುವವರೆಗೆ ಕಣ್ಣು ಮುಚ್ಚಿಕೊಂಡಿರುತ್ತೇನೆ ಎಂದರು. ಆದರೆ ಬ್ಯಾಂಕು ತೆರೆಯುವ ಹೊತ್ತಿಗೆ ಕೀಲಿ ಅಲ್ಲಿರಬೇಕು, ಮಳೆ ಬರಲಿ, ರಸ್ತೆ ಕೊಚ್ಚಿಹೋಗಲಿ, ಅದು ನನ್ನ ಜವಾಬ್ದಾರಿ. ಬೆಳಗಿನ ಬಸ್ಸನ್ನು ನಂಬುವಂತಿರಲಿಲ್ಲ. ಅದು ಹಳ್ಳಿ ಹಳ್ಳಿ ಹೊಕ್ಕು ಬರುತ್ತಿತ್ತು, ಮಳೆಗಾಲದಲ್ಲಿ ಕೆಲವು ದಿನ ಬರುತ್ತಲೇ ಇರಲಿಲ್ಲ. ಹಾಗಾಗಿ ಆ ಗಾಡಿಯನ್ನು ಕೊಂಡೆ.

ಕೊಂಡ ದಿನದಿಂದ ಅದರ ಚಿಂತೆ ನನ್ನ ಕೊರಳಿಗೆ ಬಿತ್ತು. ಅದು ಎರಡು ಸ್ಟ್ರೋಕಿನ ಎಂಜಿನ್ನು. ಇಂಥ ಎಂಜಿನ್ನಿಗೆ ಬೇರೆ ಎಣ್ಣೆಯ ಹೊಂಡ ಇರುವುದಿಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಕಲಸಿ ಹಾಕಬೇಕು. ಆ ಎಣ್ಣೆಯೇ ಒಳಗಿನ ಪಿಸ್ಟನ್ನನ್ನೂ ಸಿಲಿಂಡರನ್ನೂ ಕಾಯುತ್ತದೆ. ಪಂಪಿನ ಹುಡುಗರ ಅಳತೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಗ್ಯಾರೇಜಿನ ಪೀಪಾಯಿಯಿಂದ ಎಣ್ಣೆ ತಂದು ಮನೆಯಲ್ಲಿ ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಔಷಧದ ಬಾಟಲಿಯ ಮುಚ್ಚಳದಿಂದ ಅಳೆದು, ಕ್ಯಾನಿನಲ್ಲಿ ಪೆಟ್ರೋಲಿನೊಡನೆ ಕುಲುಕಿ, ಆಮೇಲೆ ಟಾಕಿಗೆ ಸುರಿಯುತ್ತಿದ್ದೆ. ಹೆಂಡತಿಯ ಟಾನಿಕ್ಕನ್ನೂ ಅಷ್ಟು ಕಾಳಜಿಯಿಂದ ಅಳೆದವನಲ್ಲ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಮಗಳ ಆರೈಕೆಗೆಂದು ಅವರು ಬನಹಟ್ಟಿಯಿಂದ ಬಂದು ನಮ್ಮಲ್ಲೇ ಉಳಿದಿದ್ದರು.

ಬೇಸಗೆಯಲ್ಲಿ ಗಾಡಿ ಕಾಯುತ್ತಿತ್ತು. ಸಂಜೆ ಮರಳುವಾಗ ದಾರಿಯ ಬೇವಿನ ಮರದ ಕೆಳಗೆ ನಿಲ್ಲಿಸಿ, ಸಿಲಿಂಡರಿನ ಮೇಲೆ ಕೈ ಹಿಡಿದು ಶಾಖ ನೋಡುತ್ತಿದ್ದೆ. ಪ್ರತಿ ಬೆಳಿಗ್ಗೆ ಪ್ಲಗ್ಗು ಬಿಚ್ಚಿ ಉಜ್ಜುವುದು, ಕಿಡಿ ಕೊಡುವ ಪಾಯಿಂಟಿನ ಸಂದಿಯಲ್ಲಿ ಬೆಂಕಿಪೊಟ್ಟಣದ ರಟ್ಟು ತೂರಿಸಿ ಅಂತರ ನೋಡುವುದು, ಸರಪಳಿಯ ಸಡಿಲು ಬೆರಳಿನಿಂದ ಅಳೆಯುವುದು ಸ್ನಾನಕ್ಕಿಂತ ಮೊದಲಿನ ಕೆಲಸ. ಕ್ಲಚ್ಚಿನ ತಂತಿ ದಾರಿಯಲ್ಲಿ ಹರಿದರೆ ಎಂಬ ಭಯಕ್ಕೆ ಹಳೆಯ ತಂತಿಯ ಪಕ್ಕದಲ್ಲೇ ಹೊಸದೊಂದನ್ನು ಮೊದಲೇ ಎಳೆದು ಕಟ್ಟಿಟ್ಟಿದ್ದೆ. ಮೂರು ತಿಂಗಳಿಗೊಮ್ಮೆ ಸೈಲೆನ್ಸರಿನ ಒಳಗಿನ ಕೊಳವೆ ತೆಗೆದು ಸಗಣಿ ಕುಳ್ಳಿನ ಬೆಂಕಿಯಲ್ಲಿ ಹಾಕಿ ಅದರ ಕಿಟ್ಟ ಸುಡುತ್ತಿದ್ದೆ. ಕಿಟ್ಟ ಕಟ್ಟಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ.

ಮಳೆಗಾಲ ಬಂದಾಗ ಬೇರೆಯ ಭಯಗಳು. ಪ್ಲಗ್ಗಿನ ಟೋಪಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದೆ, ನೀರು ಹೊಗದಂತೆ. ಎರೆಮಣ್ಣಿನ ರಾಡಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಒತ್ತಿ, ಗಟ್ಟಿಯಾಗಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಒಂದು ದಿನ ರಸ್ತೆ ಕೊರೆದುಹೋದ ಕಡೆ ಹೊಲದ ಅಂಚಿಗೆ ಇಳಿದವನು ಹಾಗೆ ಸಿಕ್ಕಿಬಿದ್ದೆ. ಬೆರಳಿನಿಂದ ಮಣ್ಣು ಕಿತ್ತು, ಹತ್ತು ಮಾರು ನೂಕಿ, ಮತ್ತೆ ಕಿತ್ತು, ಬ್ಯಾಂಕು ಮುಟ್ಟುವ ಹೊತ್ತಿಗೆ ಹೊರಗೆ ಜನ ನಿಂತಿದ್ದರು. ಮ್ಯಾನೇಜರು ಬೈಯಲಿಲ್ಲ. ಇನ್ನೊಮ್ಮೆ ಹೀಗಾದರೆ ತಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದಷ್ಟೇ ಮೆಲ್ಲಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಮರುದಿನವೇ ಮುಂದಿನ ಮಡ್‌ಗಾರ್ಡ್ ಬಿಚ್ಚಿಸಿ ಮನೆಯಲ್ಲಿಟ್ಟೆ. ಮಳೆಗಾಲವಿಡೀ ಮುಖಕ್ಕೆ ಕೆಸರು ಎರಚಿಸಿಕೊಂಡೇ ಓಡಾಡಿದೆ. ಬ್ಯಾಂಕಿನ ಹಿಂದೆ ಬಾವಿಕಟ್ಟೆಯಲ್ಲಿ ಮುಖ ತೊಳೆದು ಒಳಗೆ ಹೋಗುವುದು ರೂಢಿಯಾಯಿತು.

ಈಗ ಮಾವನ ವಿಷಯ. ಅವರದು ಬನಹಟ್ಟಿಯಲ್ಲಿ ಪಾವರ್‌ಲೂಮಿನ ಮನೆ. ನಾಲ್ಕು ಮಗ್ಗ, ಬೆಳಗಿನಿಂದ ರಾತ್ರಿವರೆಗೆ ಖಟಖಟ. ಮಗ್ಗಗಳಿಗೆ ರಜೆ ಇರುವ ದಿನ, ವಾರಕ್ಕೊಮ್ಮೆ, ಮಗಳನ್ನು ನೋಡಲು ಬಸ್ಸು ಹಿಡಿದು ಬರುತ್ತಿದ್ದರು. ಬಂದರೆ ಮಾಡಲು ಅವರಿಗೇನೂ ಇರುತ್ತಿರಲಿಲ್ಲ. ಬಸುರಿ ಮಗಳ ಹಾಸಿಗೆಯ ಬದಿಗೆ ಅಪ್ಪ ಕೂತು ಏನು ಮಾತಾಡುವುದು? ಬಾಗಿಲಲ್ಲಿ ನಿಂತು ಆರಾಮ ಇದ್ದೀಯೇನು ಎಂದು ಕೇಳುವುದು, ಅವಳು ಹೂಂ ಎನ್ನುವುದು, ಮುಗಿಯಿತು. ಆಮೇಲೆ ಅಂಗಳದಲ್ಲಿ ಕೂತು ನನ್ನ ಗಾಡಿಯನ್ನು ನೋಡುತ್ತಿದ್ದರು. ಮೊದಮೊದಲು ನೋಡುವುದು, ಬರುಬರುತ್ತ ಒರೆಸುವುದು, ತೊಳೆಯುವುದು. ಕೀಲಿಗೆಂದು ಮಗ್ಗದ ಹಾಸಿನ ನೂಲನ್ನು ಹೊಸೆದು ಒಂದು ಗಟ್ಟಿ ದಾರವನ್ನೂ ಮಾಡಿಕೊಟ್ಟಿದ್ದರು. ಹೆಂಡತಿಯ ಮಂಚ ಅಂಗಳದ ಕಿಟಕಿಯ ಪಕ್ಕದಲ್ಲಿತ್ತು. ಅಪ್ಪ ಗಾಡಿ ತೊಳೆಯುವುದನ್ನು ಅವಳು ಮಲಗಿದಲ್ಲೇ ನೋಡುತ್ತಿದ್ದಳು. ಆ ದಿನ ಸಂಜೆ ಅವಳ ಮುಖ ಸ್ವಲ್ಪ ಗೆಲುವಾಗಿರುತ್ತಿತ್ತು.

ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮಾವ ನನ್ನನ್ನೂ ಗಾಡಿಯನ್ನೂ ಬನಹಟ್ಟಿಗೆ ಕರೆಸಿಕೊಂಡರು. ಆ ದಿನ ನೇಕಾರರ ಮನೆಯಲ್ಲಿ ಮಗ್ಗ ಓಡುವುದಿಲ್ಲ. ಲಾಳಿ, ಕತ್ತರಿ, ಬೋಲ್ಟು ಬಿಗಿಯುವ ಪಾನೆ ಎಲ್ಲ ತೊಳೆದು, ಎಲ್ಲೆಲ್ಲಿ ಒಂದಕ್ಕೊಂದು ತಿಕ್ಕುತ್ತದೋ ಅಲ್ಲೆಲ್ಲ ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಬನ್ನಿ ಕೊಡುವ ತನಕ ಮುಟ್ಟದೆ ಬಿಡುತ್ತಾರೆ. ನನ್ನ ಗಾಡಿಯನ್ನೂ ಮಗ್ಗಗಳ ಸಾಲಿನಲ್ಲೇ ನಿಲ್ಲಿಸಿದರು. ಬನ್ನಿ ಕೊಟ್ಟು ಮರಳುವಾಗ ಊರ ಹೊರಗೆ ಅಡ್ಡ ಬಂದ ಚಕ್ಕಡಿಗೆ ಮುಂದಿನ ಬ್ರೇಕು ಒತ್ತಿದರೆ ಗಾಡಿ ನಿಲ್ಲಲೇ ಇಲ್ಲ. ಹಿಂದಿನ ಬ್ರೇಕಿನಲ್ಲಿ ಹೇಗೋ ಉಳಿದೆ. ಮನೆಗೆ ಬಂದು ಡ್ರಮ್ಮು ಬಿಚ್ಚಿ ನೋಡಿದರೆ ಒಳಗೆಲ್ಲ ಎಣ್ಣೆ. ತಿಕ್ಕುವ ಜಾಗವೆಂದು ಮಾವ ಬ್ರೇಕಿಗೂ ಎಣ್ಣೆ ಬಿಟ್ಟಿದ್ದರು.

ಮುಂದಿನ ವಾರ ಅವರು ಬಂದಾಗ ನೋವಾಗದಂತೆ ಹೇಳಿದೆ.

"ಮಾವಾರ, ಬ್ರೇಕಿಗೆ ಎಣ್ಣಿ ಬ್ಯಾಡ್ರಿ. ಅದು ಹಿಡೀಬೇಕು, ಜಾರಬಾರದು."

ಅವರ ಮುಖ ಸಣ್ಣದಾಯಿತು. "ತಪ್ಪಾತು ಬಿಡ್ರಿ. ಮತ್ತ ಎಣ್ಣಿ ಎಲ್ಲಿ ಬೇಕಾಗತೈತಿ ಈ ಗಾಡಿಗೆ?"

"ಪೆಟ್ರೋಲಿನಾಗ್ರಿ. ಇದು ಎಣ್ಣಿ ಕುಡದು ಓಡು ಗಾಡಿ."

ಆ ಮಾತು ಅವರಿಗೆ ಬಹಳ ಹಿಡಿಸಿತು. ಎಣ್ಣೆಯ ಡಬ್ಬಿ ತೆಗೆದು ಮೂಸಿ ನೋಡಿ, ಇದೇನ್ರಿ ಹೊಲಸು ಎಂದು ನಕ್ಕರು. ನಾನೂ ನಕ್ಕೆ. ಮಾತು ಅಲ್ಲಿಗೆ ಮುಗಿಯಿತೆಂದು ತಿಳಿದೆ.

ದೀಪಾವಳಿ ಕಳೆದ ಮೇಲೆ ಗಾಡಿಯ ದನಿ ಬದಲಾಯಿತು. ಬೀಳಗಿ ಮುಟ್ಟುವ ಮೊದಲು ಒಂದು ಉದ್ದನೆಯ ಏರು ಇದೆ. ಅಲ್ಲಿ ಎಂಜಿನ್ನು ಏದುಸಿರು ಬಿಡತೊಡಗಿತು. ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿದಂತೆ ಸಣ್ಣ ಸದ್ದು. ಒಂದು ಬೆಳಿಗ್ಗೆ ಏರಿನ ನಡುವೆ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಒಮ್ಮೆಲೆ ತಡೆಯಿತು. ಕ್ಲಚ್ಚು ಒತ್ತಿ ಬದಿಗೆ ತಂದೆ. ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಹತ್ತು ನಿಮಿಷ ನಿಂತೆ. ತಣಿದ ಮೇಲೆ ಕಿಕ್ಕು ಇಳಿಯಿತು, ಗಾಡಿ ಹೊರಟಿತು. ಹೊತ್ತಿಗೆ ಸರಿಯಾಗಿ ಮುಟ್ಟಿದೆ. ಸಂಜೆ ನೇರ ಗ್ಯಾರೇಜಿಗೆ ಹೋದೆ.

ಜಮಖಂಡಿಯ ಗ್ಯಾರೇಜಿನವನು ಮಾತುಗಾರ. ಗಾಡಿ ನೋಡುವ ಮೊದಲೇ ರೋಗ ಹೇಳುತ್ತಿದ್ದ. ಟೈಮಿಂಗ್ ಮುಂದಾಗಿದೆ ಎಂದು ಅದನ್ನು ಹಿಂದೆ ಸರಿಸಿದ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಏರಿನಲ್ಲಿ ಕಚ್ಚಿತು. ಕಾರ್ಬೊರೇಟರಿನ ಜೆಟ್ಟು ಸಣ್ಣದಾಯಿತೆಂದ, ದೊಡ್ಡದು ಹಾಕಿದ. ಮತ್ತೆ ಕಚ್ಚಿತು. ಒಂದು ಸಂಜೆ ಸಿಲಿಂಡರು ಎತ್ತಿ ನೋಡಿದಾಗ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳು. ನುಣುಪು ಕಾಗದದಿಂದ ಗೀರು ಉಜ್ಜಿ ಕೂಡಿಸಿದ. ಸಿಲಿಂಡರನ್ನು ಕೊರೆಸಿ ಬೋರು ಮಾಡಿಸಿ ಹೊಸ ಪಿಸ್ಟನ್ನು ಹಾಕಿಸಬೇಕು, ಅದಕ್ಕೆ ಬೆಳಗಾವಿಗೆ ಕಳಿಸಬೇಕು, ಒಂದು ವಾರವಾದರೂ ಗಾಡಿ ಬಿಡಿ ಎಂದ. ಒಂದು ದಿನವೂ ಬಿಡುವಂತಿಲ್ಲ ಎಂದೆ. ಹಾಗಾದರೆ ಎಣ್ಣೆ ಒಂದಿಷ್ಟು ಜಾಸ್ತಿ ಹಾಕಿ, ದೇವರಿದ್ದಾನೆ ಎಂದ.

ಅಂದಿನಿಂದ ನಾನು ಒಂದೂವರೆ ಪಟ್ಟು ಎಣ್ಣೆ ಅಳೆಯತೊಡಗಿದೆ. ಆಶ್ಚರ್ಯವೆಂದರೆ ಎಣ್ಣೆ ಹೆಚ್ಚಿಸಿದಷ್ಟೂ ಗಾಡಿ ಬೇಗ ಕಚ್ಚುತ್ತಿತ್ತು. ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಬೆಳಿಗ್ಗೆ ನಾನು ಪ್ಲಗ್ಗು ಉಜ್ಜುವಾಗ ಕಿಟಕಿಯಿಂದ ಗಾಡಿ ಛಲೋ ಐತೇನ್ರಿ ಎಂದು ಕೇಳುತ್ತಿದ್ದಳು. ಭಾಳ ಛಲೋ ಐತಿ ಎನ್ನುತ್ತಿದ್ದೆ. ಡಾಕ್ಟರ ಮಾತು ನೆನಪಿತ್ತು. ಸುಳ್ಳು ಹೇಳುವಾಗ ಅವಳ ಕಡೆ ಬೆನ್ನು ಮಾಡಿ ಸರಪಳಿ ನೋಡುವವನಂತೆ ಬಗ್ಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಹೆದರುವುದಕ್ಕೆ ನನಗೆ ಮೊದಲೇ ಕಾರಣ ಬೇಕಿರಲಿಲ್ಲ, ಈಗಂತೂ ಕಾರಣ ಕೈಯಲ್ಲೇ ಇತ್ತು.

ಆ ದಿನ ಚಳಿಯಿತ್ತು. ಕಬ್ಬಿನ ಹಂಗಾಮು. ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆಗೆ ಹೊರಟ ಟ್ರ್ಯಾಕ್ಟರುಗಳು ಉದುರಿಸಿದ ರವದಿಯ, ಕಬ್ಬಿನ ಒಣಗರಿಯ, ಮೇಲೆ ಇಬ್ಬನಿ ಬಿದ್ದು ರಸ್ತೆ ಜಾರುತ್ತಿತ್ತು. ಮೆಲ್ಲಗೆ ಹೋಗಿದ್ದರಿಂದ ಮೊದಲೇ ಹೊತ್ತಾಗಿತ್ತು. ಏರಿನಲ್ಲಿ ಆ ಹೊತ್ತನ್ನು ಹಿಡಿಯಲು ಹೋದೆ. ನಡುದಾರಿಯಲ್ಲಿ ಹಿಂದಿನ ಚಕ್ರ ಕಿರ್ರೆಂದು ಎಳೆದುಕೊಂಡು ನಿಂತಿತು. ಈ ಸಲ ತಡೆದದ್ದಲ್ಲ, ಪೂರ್ತಿ ಕಚ್ಚಿದ್ದು. ಕಿಕ್ಕಿನ ಮೇಲೆ ಮೈಭಾರ ಬಿಟ್ಟು ನಿಂತರೂ ಅದು ಅಲುಗಲಿಲ್ಲ.

ಅಂಗಿಯ ಮೇಲಿಂದ ಕೀಲಿ ಮುಟ್ಟಿ ನೋಡಿಕೊಂಡೆ. ಅದು ಅಲ್ಲೇ ಇತ್ತು, ಇರಬೇಕಾದ ಊರಿನಲ್ಲಿ ಮಾತ್ರ ಇರಲಿಲ್ಲ. ಪ್ಲಗ್ಗು ಬಿಚ್ಚಿದೆ. ಅದರ ತುದಿ ಸುಟ್ಟು ಬೆಳ್ಳಗಾಗಿತ್ತು. ಎಣ್ಣೆ ಹೆಚ್ಚಾಗಿದ್ದರೆ ಕಪ್ಪಗೆ ಜಿಡ್ಡಾಗಿರಬೇಕಿತ್ತು. ಟಾಕಿಯ ಕೊಳವೆ ಕಿತ್ತು ಅಂಗೈಗೆ ಎರಡು ಹನಿ ಬಿಟ್ಟುಕೊಂಡೆ. ಪೆಟ್ರೋಲು ಆರಿತು. ಉಳಿದ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿದರೆ ಜಿಗುಟೇ ಇಲ್ಲ, ನೀರು. ಮೂಗಿನ ಹತ್ತಿರ ಹಿಡಿದೆ. ಬನಹಟ್ಟಿಯ ಮಾವನ ಮಗ್ಗದ ಕೋಣೆಗೆ ಕಾಲಿಟ್ಟರೆ ಬರುವ ವಾಸನೆ.

ಒಂದೊಂದಾಗಿ ಎಲ್ಲ ಹೊಳೆಯಿತು. ದಸರೆಯ ನಂತರ ನಾನು ಗ್ಯಾರೇಜಿನ ಪೀಪಾಯಿಯಿಂದ ಎಣ್ಣೆಯನ್ನೇ ತಂದಿರಲಿಲ್ಲ. ಡಬ್ಬಿ ಮುಗಿಯುತ್ತಲೇ ಇರಲಿಲ್ಲ. ಅಪ್ಪ ಎಣ್ಣಿನೂ ತುಂಬಿಸ್ಯಾನ ನೋಡ್ರಿ ಎಂದು ಹೆಂಡತಿ ಒಮ್ಮೆ ಹೇಳಿದ್ದಳು. ಸರಪಳಿಯ ಎಣ್ಣೆಯೆಂದುಕೊಂಡು ನಾನು ತಲೆಯಾಡಿಸಿದ್ದೆ. ನೂರೆಂಟು ಚಿಂತೆ ಹೊತ್ತವನಿಗೆ ಕಣ್ಣೆದುರಿನ ಡಬ್ಬಿ ಕಾಣಲಿಲ್ಲ. ಮಾವ ವಾರವಾರ ಬರುವಾಗ ಬಾಟಲಿಯಲ್ಲಿ ಮಗ್ಗದ ಎಣ್ಣೆ ತಂದು ತುಂಬಿಸುತ್ತಿದ್ದರು. ತೆಳ್ಳನೆಯ, ತಿಳಿಯಾದ ಎಣ್ಣೆ. ಸೀರೆಯ ಮೇಲೆ ಬಿದ್ದರೂ ತೊಳೆದರೆ ಕಲೆ ಉಳಿಯುವುದಿಲ್ಲ. ನೇಕಾರನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಲೋಕದಲ್ಲಿಲ್ಲ. ಗ್ಯಾರೇಜಿನ ಆ ಕಪ್ಪು ಹೊಲಸನ್ನು ಅಳಿಯನ ಗಾಡಿ ಯಾಕೆ ಕುಡಿಯಬೇಕು ಎಂದುಕೊಂಡಿರಬೇಕು. ಆದರೆ ಎಂಜಿನ್ನಿನ ಬೆಂಕಿಯಲ್ಲಿ ಆ ಎಣ್ಣೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಅದನ್ನು ಹೆಚ್ಚಿಸಿದಷ್ಟೂ ನಾನು ಪೆಟ್ರೋಲನ್ನೇ ತೆಳು ಮಾಡಿ ಎಂಜಿನ್ನನ್ನು ಇನ್ನಷ್ಟು ಕಾಯಿಸುತ್ತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಪರಿಚಯದ ಡ್ರೈವರು ನಿಲ್ಲಿಸಿದ. ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, ಬರುವುದಾದರೆ ಬನ್ನಿ, ಇಲ್ಲವೇ ಕೊಡುವುದೇನಾದರೂ ಇದ್ದರೆ ಕೊಡಿ, ಬ್ಯಾಂಕಿಗೆ ಮುಟ್ಟಿಸುತ್ತೇನೆ ಎಂದ. ಕೀಲಿಯನ್ನು ಕೊಡುವಂತಿರಲಿಲ್ಲ. ಹತ್ತಿ ಕೂರಬಹುದಿತ್ತು. ಆದರೆ ಬಸ್ಸು ಮುಂದೆ ಎರಡು ಹಳ್ಳಿಗೆ ಒಳಗೆ ಹೋಗಿ ಬರಬೇಕು. ಗಂಟೆಗೂ ಮೇಲೆ ತಡವಾಗುವುದು ಖಂಡಿತ. ಪಿಸ್ಟನ್ನಿನ ಕಚ್ಚು ಬಿಟ್ಟುಕೊಂಡರೆ ಅದಕ್ಕಿಂತ ಮೊದಲು ಮುಟ್ಟಬಹುದು, ಬಿಡದಿದ್ದರೆ ಮಧ್ಯಾಹ್ನವೂ ಆದೀತು. ರೋಗ ಏನೆಂದು ಗೊತ್ತಾಗಿದೆ ಎಂಬ ಒಂದೇ ಧೈರ್ಯದ ಮೇಲೆ ಬೇಡವೆಂದು ಕೈ ಆಡಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಹೊಲದ ಕಡೆಯಿಂದ ಡೀಸೆಲ್ ಪಂಪ್‌ಸೆಟ್ಟಿನ ಸದ್ದು ಬರುತ್ತಿತ್ತು. ಅದನ್ನೇ ಹಿಡಿದು ಓಡಿದೆ. ಬಾವಿಯ ಬಳಿ ಕಬ್ಬಿಗೆ ನೀರು ಕಟ್ಟುತ್ತಿದ್ದ ರೈತನಿಗೆ, ಎಂಜಿನ್ನಿಗೆ ಹಾಕುವ ಎಣ್ಣೆ ಒಂದು ಲೋಟ ಬೇಕೆಂದೆ. ಆತ ನನ್ನ ಇಸ್ತ್ರಿ ಅಂಗಿಯನ್ನೂ ಕರಿ ಹಿಡಿದ ಕೈಯನ್ನೂ ನೋಡಿ ಒಳಗಿನಿಂದ ಡಬ್ಬಿ ತಂದ.

"ಇದು ಪಂಪಿನ ಎಣ್ಣಿರಿ. ಫಟಫಟಿಗೆ ನಡೀತೈತೋ ಇಲ್ಲೋ ನನಗ ಗೊತ್ತಿಲ್ಲ. ಸುಟ್ಟರ ನನ್ನ ಕೇಳಬ್ಯಾಡ್ರಿ."

"ಈಗ ಸುಟ್ಟದ್ದ ಐತ್ರಿ. ಇದಕ್ಕಿಂತ ಹೆಚ್ಚಿಗಿ ಏನು ಸುಡತೈತಿ," ಎಂದೆ.

ಮಂದವಾದ ಎಣ್ಣೆ. ಬೆರಳಿಗೆ ಹತ್ತಿದರೆ ಬಿಡಲೊಲ್ಲದು. ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಪ್ಲಗ್ಗಿನ ತೂತಿನಿಂದ ಒಂದು ಚಮಚದಷ್ಟು ಸಿಲಿಂಡರಿನ ಒಳಗೆ ಬಿಟ್ಟೆ. ಉಳಿದದ್ದನ್ನು ಟಾಕಿಗೆ ಸುರಿದು, ಗಾಡಿಯ ಹ್ಯಾಂಡಲು ಹಿಡಿದು ಎಡಕ್ಕೂ ಬಲಕ್ಕೂ ಬಹಳ ಹೊತ್ತು ಅಲ್ಲಾಡಿಸಿದೆ. ಪೂರ್ತಿ ತಣಿಯುವ ತನಕ ಕಾಯಬೇಕು. ಅವಸರ ಮಾಡಿ ಕಿಕ್ಕು ಹೊಡೆದರೆ ಪಿಸ್ಟನ್ನಿನ ರಿಂಗು ಮುರಿಯುತ್ತದೆ. ಬ್ಯಾಂಕಿನ ಮುಂದೆ ಜನ ನಿಂತಿರುವುದು ಗೊತ್ತಿದ್ದೂ ಸುಮ್ಮನೆ ಕಲ್ಲಿನ ಮೇಲೆ ಕೂತು ಕಾಯುವ ಆ ಹೊತ್ತಿನಷ್ಟು ಕಷ್ಟದ ಕೆಲಸ ನಾನು ನೌಕರಿಯಲ್ಲಿ ಮಾಡಿಲ್ಲ. ಆಮೇಲೆ ಗಾಡಿಯನ್ನು ಮೇಲಿನ ಗೇರಿಗೆ ಹಾಕಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಜಗ್ಗಿದೆ. ಕೂದಲೆಳೆಯಷ್ಟು ಅಲುಗಿತು. ಮತ್ತೆ ಜಗ್ಗಿದೆ. ಒಳಗೆ ಟಕ್ಕೆಂದು ಬಿಟ್ಟಿತು.

ಗಾಡಿ ಚಾಲೂ ಆದಾಗ ಎದ್ದ ಹೊಗೆಯಲ್ಲಿ ರೈತ ಕಾಣದಾದ. ಏರು ಮುಗಿಸಿ ಊರು ಹೊಗುವ ತನಕ ಅರ್ಧ ಎಕ್ಸಿಲೇಟರಿಗಿಂತ ಮೇಲೆ ಹೋಗಲಿಲ್ಲ. ಕ್ಲಚ್ಚಿನ ಮೇಲಿನ ಬೆರಳು ತೆಗೆಯಲಿಲ್ಲ. ಬ್ಯಾಂಕು ಮುಟ್ಟಿದಾಗ ಬಸ್ಸು ಇನ್ನೂ ಬಂದಿರಲಿಲ್ಲ. ಬ್ಯಾಂಕು ತೆರೆಯುವ ಹೊತ್ತು ಮಾತ್ರ ಮೀರಿ ಬಹಳವಾಗಿತ್ತು. ಮೆಟ್ಟಿಲ ಮೇಲೆ ಜನ ಕೂತಿದ್ದರು. ಮ್ಯಾನೇಜರು ಬಾಗಿಲಲ್ಲಿ ತಮ್ಮ ಕೀಲಿ ಹಿಡಿದೇ ನಿಂತಿದ್ದರು. ಇಬ್ಬರೂ ಹೋಗಿ ತಿಜೋರಿ ತೆರೆದೆವು.

ಸಂಜೆ ವಹಿವಾಟು ಮುಗಿದ ಮೇಲೆ ಒಳಗೆ ಕರೆದರು. ಏನಾಯಿತೆಂದು ಕೇಳಿದರು. ಎಣ್ಣೆಯಲ್ಲಿ ತಪ್ಪಾಯಿತು ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ.

"ನೋಡಿ, ನಾಳೆಯಿಂದ ನೀವು ಇಲ್ಲೇ ಇರಬೇಕು. ಇಲ್ಲದಿದ್ದರೆ ನಾನು ಮೇಲಕ್ಕೆ ಬರೆಯಲೇಬೇಕಾಗುತ್ತೆ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಏಳು ತಿಂಗಳಿಂದ ನಾನು ಕಾಯುತ್ತಿದ್ದದ್ದು ಹೆಂಡತಿಯನ್ನೋ, ಗಾಡಿಯನ್ನೋ, ಕೀಲಿಯನ್ನೋ ಎಂದು ಕೇಳಿಕೊಂಡೆ. ಗಾಡಿಗೆ ಒಂದು ವಾರದ ರಿಪೇರಿ ಬೇಕು. ಕೀಲಿ ಇರುವ ತನಕ ಆ ವಾರ ಸಿಗುವುದಿಲ್ಲ. ರಿಪೇರಿಯಾಗದ ಗಾಡಿಯ ಮೇಲೆ ಕೀಲಿ ಬರುವುದಿಲ್ಲ. ಮೂರರಲ್ಲಿ ಬಿಡಬಹುದಾದದ್ದು ಒಂದೇ ಇತ್ತು. ಕೀಲಿಯನ್ನು ಬೀಳಗಿಯಲ್ಲೇ ಮನೆ ಇರುವ ಇನ್ನೊಬ್ಬ ಕ್ಯಾಶಿಯರಿಗೆ ಕೊಡಿ, ನಾನು ಮಾಮೂಲಿ ಕೌಂಟರಿಗೆ ಇಳಿಯುತ್ತೇನೆ ಎಂದೆ. ಮ್ಯಾನೇಜರು ತಲೆಯೆತ್ತಿ ನೋಡಿದರು. ಆ ಜಾಗ ಬಿಟ್ಟರೆ ಮತ್ತೆ ಸಿಗಲು ವರ್ಷಗಳಾಗುತ್ತವೆ, ಯೋಚಿಸಿ ಎಂದರು. ಯೋಚಿಸಿದ್ದೇನೆ ಸರ್ ಎಂದೆ. ಅದೇ ಸಂಜೆ ಸಹಿ ಮಾಡಿ ಕೀಲಿಯನ್ನು ದಾರದಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ದಾರ ನನ್ನ ಸೊಂಟದಲ್ಲೇ ಉಳಿಯಿತು.

ಹೊರಗೆ ಬಂದಾಗ ಹಗುರ ಅನಿಸಿತು ಎಂದರೆ ಸುಳ್ಳಾಗುತ್ತದೆ. ಹತ್ತು ವರ್ಷ ದುಡಿದು ಸಿಕ್ಕ ಜಾಗ. ಆದರೆ ಏರು ಇಳಿಯುವಾಗ ಮೊದಲ ಸಲ ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳಲಿಲ್ಲ.

ಮರುದಿನ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟೆ. ಮಗ್ಗದ ಎಣ್ಣೆಯ ಕಥೆ ಕೇಳಿ ಆತ, ನನಗೆ ಮೊದಲೇ ಅನುಮಾನವಿತ್ತು ಎಂದ. ಅವನಿಗೆ ಬೇರೆ ಏನೂ ಹೇಳಲು ಬರುತ್ತಿರಲಿಲ್ಲ. ಸಿಲಿಂಡರು ಬೆಳಗಾವಿಗೆ ಹೋಗಿ ಬರುವ ತನಕ ಬಸ್ಸಿನಲ್ಲಿ ಓಡಾಡಿದೆ. ತಡವಾದರೆ ನಾನೊಬ್ಬನೇ ತಡವಾಗುತ್ತಿದ್ದೆ. ಹೆಂಡತಿಗೆ, ಕೀಲಿ ಸರದಿಯ ಮೇಲೆ ಇನ್ನೊಬ್ಬರಿಗೆ ಹೋಗಿದೆ, ಗಾಡಿ ಸರ್ವಿಸಿಗೆ ಬಿಟ್ಟಿದೆ ಎಂದೆ. ಛಲೋ ಆತು ಬಿಡ್ರಿ, ನಿಮಗೂ ಒಂದೀಟು ಸಮಾಧಾನ ಎಂದಳು.

ಉಳಿದದ್ದು ಮಾವ. ಅವರಿಗೆ ಹೇಗೆ ಹೇಳುವುದು? ಬ್ರೇಕಿ‌ನ ಮಾತಿಗೇ ಅಷ್ಟು ನೊಂದವರು, ಅಳಿಯನ ಎಂಜಿನ್ನೂ ಕೆಲಸವೂ ತಮ್ಮ ಬಾಟಲಿಯಿಂದ ಹೋಯಿತೆಂದು ತಿಳಿದರೆ ಮತ್ತೆ ನಮ್ಮ ಅಂಗಳದಲ್ಲಿ ಕೂರುತ್ತಿರಲಿಲ್ಲ. ಅವರ ಮುಖ ನೋಡಿ ಮಗಳು ಕೇಳದೆ ಬಿಡುತ್ತಿರಲಿಲ್ಲ. ಹೇಳಲಿಲ್ಲ. ನಿಜವಾದ ಎಣ್ಣೆಯನ್ನು ಬ್ಯಾಂಕಿನ ಕೈಚೀಲದಲ್ಲಿ ಬಚ್ಚಿಟ್ಟೆ. ತಗಡಿನ ಡಬ್ಬಿಯನ್ನು ಇದ್ದಲ್ಲೇ ಬಿಟ್ಟೆ. ಮಾವ ವಾರವಾರ ಬಂದು ಗಾಡಿ ತೊಳೆದು, ಡಬ್ಬಿ ತುಂಬಿಸಿ ಹೋಗುತ್ತಿದ್ದರು. ಅವರು ಬಸ್ಸು ಹತ್ತಿದ ಮೇಲೆ ನಾನು ಅದನ್ನು ಒಂದು ಭರಣಿಗೆ ಬಗ್ಗಿಸಿ ಅಟ್ಟದ ಮೇಲೆ ಇಡುತ್ತಿದ್ದೆ. ಪ್ರತಿ ಸಲವೂ ಕಳ್ಳನಂತೆ ಸದ್ದಾಗದ ಹಾಗೆ ಕೆಳಗಿಳಿಯುತ್ತಿದ್ದೆ.

ಸಂಕ್ರಾಂತಿ ಆದ ಮೇಲೆ ಮಗಳು ಹುಟ್ಟಿದಳು. ಸಣ್ಣ ಕೂಸು, ದನಿ ಮಾತ್ರ ದೊಡ್ಡದು. ತಾಯಿಯೂ ಕ್ಷೇಮ ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಮಾವ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ನಾನೂ ಅತ್ತುಬಿಟ್ಟೆ, ಮುಚ್ಚಿಡಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಹೆಂಗಸರು. ತೊಟ್ಟಿಲು ತೂಗಿದಾಗ ಜಂತಿಯ ಕೊಂಡಿ ಕಿರ್ರ್ ಕಿರ್ರ್ ಎಂದು ಕೂಗಿತು. ಕೂಸು ಬೆಚ್ಚಿ ಅಳತೊಡಗಿತು. ಯಾರೋ ಕೊಬ್ಬರಿ ಎಣ್ಣೆ ತನ್ನಿ ಎಂದರು. ಮಾವ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ದನಿ ತಗ್ಗಿಸಿದರು.

"ಅಳಿಯಾರ, ನೀವು ಗಾಡಿಗೆ ಹಾಕಲಾರದ ತಗದು ಇಟ್ಟೀರೆಲ್ಲ, ಆ ಎಣ್ಣಿ ತರ್ರಿ."

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ರಿಪೇರಿಯಾಗಿ ಬಂದ ದಿನದಿಂದಲೇ ಗಾಡಿಯ ಹೊಗೆಯ ವಾಸನೆ ಬದಲಾಯಿತಂತೆ. ಹುಟ್ಟಿದಾಗಿನಿಂದ ಮೂಸಿದ ಎಣ್ಣೆಯ ವಾಸನೆ ಇಲ್ಲದ್ದು ಅವರಿಗೆ ತಿಳಿಯದೆ ಇರುತ್ತದೆಯೇ. ಜಮಖಂಡಿಯ ಗ್ಯಾರೇಜಿಗೆ ತಾವೇ ಹೋಗಿ ಕೇಳಿಕೊಂಡೂ ಬಂದಿದ್ದರು.

"ಮತ್ತ ಆಮ್ಯಾಲೂ ಯಾಕ ತಂದು ಹಾಕಿದ್ರಿ, ಮಾವಾರ?"

"ಅಕಿ ಕಿಟಕ್ಯಾಗಿಂದ ನೋಡತಿದ್ಲು. ನಾ ಎಣ್ಣಿ ತರೂದು ಬಿಟ್ಟಿದ್ದರ, ಯಾಕ ಬಿಟ್ಟಿ ಅಂತ ಕೇಳತಿದ್ಲು. ನಾ ಏನಂತ ಹೇಳಲಿ?" ಅವರು ನನ್ನ ಸೊಂಟದ ಖಾಲಿ ದಾರದ ಕಡೆ ನೋಡಿದರು. "ಕೀಲಿನೂ ಅದರಿಂದನ ಹೋತೇನ್ರಿ?"

"ಇಲ್ಲ್ರಿ. ಅದನ್ನ ನಾನ ಬಿಟ್ಟೆ," ಎಂದೆ. ಅದು ಸುಳ್ಳಲ್ಲ.

ಅಟ್ಟ ಹತ್ತಿ ಭರಣಿ ಇಳಿಸಿಕೊಟ್ಟೆ. ಮಾವ ಸ್ಟೂಲಿನ ಮೇಲೆ ನಿಂತು, ಹತ್ತಿಯ ಎಳೆಯೊಂದನ್ನು ಅದ್ದಿ, ಎರಡು ಕೊಂಡಿಗೂ ಹನಿ ಹನಿಯಾಗಿ ಬಿಟ್ಟರು. ಒಂದು ಹನಿ ಕೂಸಿನ ಹೊಸ ದುಪ್ಪಟಿಯ ಮೇಲೆ ಬಿತ್ತು. ಅತ್ತೆ ಅಯ್ಯ ಎಂದರು. ತೊಳದರ ಹೋಗತೈತಿ, ಕಲಿ ಉಳಿಯಾಂಗಿಲ್ಲ ಎಂದರು ಮಾವ. ಹೆಂಡತಿ ತೊಟ್ಟಿಲು ತೂಗಿದಳು. ಈ ಸಲ ಸದ್ದು ಬರಲಿಲ್ಲ, ಕೂಸು ಮಲಗಿತು.